ನೋಡೋಕೆ ಬನ್ನಿ, ನಿಲ್ಲಬೇಡಿ

2010ರ ಕೊನೆಯಲ್ಲಿ ಅಮೆರಿಕದ ಅಂಚೆ ಇಲಾಖೆ ಸ್ವಾತಂತ್ರ್ಯ ದೇವಿಯ ಮುಖ ಇರುವ ಅಂಚೆಚೀಟಿ ಹೊರತಂದಿತು. ಕೋಟಿಗಟ್ಟಲೆ ಅಚ್ಚಾಯಿತು, ಜನ ಲಕೋಟೆಗೆ ಅಂಟಿಸಿ ಕಳಿಸಿದ್ದೂ ಆಯಿತು. ಕೆಲವು ತಿಂಗಳಾದ ಮೇಲೆ ಅಂಚೆಚೀಟಿ ಸಂಗ್ರಹಿಸುವ ಒಬ್ಬರಿಗೆ ಅನುಮಾನ ಬಂತು. ಈ ಮುಖ ನ್ಯೂಯಾರ್ಕ್ ಬಂದರಿನ ದೇವಿಯದ್ದಲ್ಲವಲ್ಲ! ವಿಚಾರಿಸಿದರೆ ಅದು ಲಾಸ್ ವೇಗಸ್‌ನಲ್ಲಿ ಕ್ಯಾಸಿನೊ ಹೋಟೆಲೊಂದರ ಮುಂದೆ ನಿಲ್ಲಿಸಿರುವ ನಕಲು ಪ್ರತಿಮೆ. ಅದನ್ನು ಮಾಡಿದ ಶಿಲ್ಪಿ ಬಿಡ್ತಾರಾ? ಕೋರ್ಟಿಗೆ ಹೋದರು. ನನ್ನ ದೇವಿಯ ಮುಖ ಮೂಲದ ಹಾಗಿಲ್ಲ, ಅದನ್ನು ಮಾಡುವಾಗ ನನ್ನ ಅತ್ತೆಯ ಮುಖ ಮನಸ್ಸಿನಲ್ಲಿತ್ತು ಎಂದರು. 2018ರಲ್ಲಿ ಕೋರ್ಟು ಅವರಿಗೆ ಸುಮಾರು 35 ಲಕ್ಷ ಡಾಲರ್ ಕೊಡಿಸಿತು. ಅಂದರೆ ಒಂದು ದೊಡ್ಡ ದೇಶದ ಸರ್ಕಾರ ವರ್ಷಗಟ್ಟಲೆ ಸ್ವಾತಂತ್ರ್ಯ ಅಂತ ಹೇಳಿ ಯಾರದ್ದೋ ಅತ್ತೆಯನ್ನು ಮಾರಿದೆ. ತಪ್ಪು ಸಿಕ್ಕಿಬಿದ್ದಾಗ ಇಲಾಖೆ ಏನಂದಿತು ಗೊತ್ತಾ? ಮೊದಲೇ ಗೊತ್ತಿದ್ದರೂ ಇದೇ ಚಿತ್ರವನ್ನು ಆರಿಸುತ್ತಿದ್ದೆವು ಅಂತ.

ಸರ್ಕಾರಕ್ಕೇ ಅಸಲು ಯಾವುದು ನಕಲು ಯಾವುದು ಗೊತ್ತಾಗದ ಮೇಲೆ ಟಿಕೆಟ್ ತೆಗೆದು ಹೋಗುವ ಪ್ರವಾಸಿ ಯಾವ ಲೆಕ್ಕ.

ಊರಿನ ಸ್ವಾಗತ ಫಲಕದಿಂದಲೇ ಶುರು ಮಾಡಿ. 'ವೈಭವದ ಲಾಸ್ ವೇಗಸ್‌ಗೆ ಸುಸ್ವಾಗತ' ಎನ್ನುವ ಆ ಮಿನುಗುವ ಫಲಕ 1959ರದ್ದು, ಅದರ ಮುಂದೆ ಫೋಟೋ ತೆಗೆಸಿಕೊಳ್ಳಲು ಬಿಸಿಲಲ್ಲೂ ಸಾಲು ನಿಂತಿರುತ್ತದೆ. ಆದರೆ ಫಲಕ ಇರುವುದು ಲಾಸ್ ವೇಗಸ್‌ನಲ್ಲಿ ಅಲ್ಲ. ಜಗತ್ತೆಲ್ಲ ವೇಗಸ್ ಅಂತ ಕರೆಯುವ ಆ ಸ್ಟ್ರಿಪ್ ಎಂಬ ಕ್ಯಾಸಿನೊ ಸಾಲಿನ ರಸ್ತೆಯ ಬಹುಪಾಲು ಕೂಡ ನಗರದ ಗಡಿಯ ಆಚೆ, ಪ್ಯಾರಡೈಸ್ ಎಂಬ ಜಾಗದಲ್ಲಿದೆ. 1950ರ ಸುಮಾರಿಗೆ ನಗರದವರು ಇದನ್ನೆಲ್ಲ ತಮ್ಮ ಗಡಿಯೊಳಗೆ ಸೇರಿಸಿಕೊಂಡು ತೆರಿಗೆ ಹಾಕಲು ಹೊರಟಾಗ ಕ್ಯಾಸಿನೊ ಮಾಲೀಕರು ಕೌಂಟಿಯವರನ್ನು, ಅಂದರೆ ಜಿಲ್ಲಾಡಳಿತವನ್ನು ಹಿಡಿದು ಬೇರೆಯದೇ ಹೆಸರು, ಬೇರೆಯದೇ ಲೆಕ್ಕ ಮಾಡಿಸಿಕೊಂಡರು. ತೆರಿಗೆ ಉಳಿಸಿಕೊಂಡವರ ಆ ಜಾಗದ ಹೆಸರಿಗೆ ಸ್ವರ್ಗ ಅಂತ ಅರ್ಥ. ಅದರಲ್ಲಿ ಮಾತ್ರ ಸುಳ್ಳಿಲ್ಲ ಬಿಡಿ.

ಐಫೆಲ್ ಗೋಪುರ ನೋಡಬೇಕಾ? ಇದೆ. ಅಸಲಿನ ಅರ್ಧದಷ್ಟು, 165 ಮೀಟರ್. ಪೂರ್ತಿ ಎತ್ತರಕ್ಕೇ ಕಟ್ಟುವ ಯೋಚನೆ ಇತ್ತು, ಆದರೆ ಪಕ್ಕದಲ್ಲೇ ವಿಮಾನ ನಿಲ್ದಾಣ. ಇರಲಿ, ಎತ್ತರ ಕಡಿಮೆಯಾದರೆ ಏನಂತೆ, ಗೋಪುರದ ಕಾಲುಗಳು ಛಾವಣಿ ಸೀಳಿಕೊಂಡು ಕ್ಯಾಸಿನೊ ಒಳಗೇ ಇಳಿದಿವೆ. ಈ ಊರಲ್ಲಿ ಗೋಪುರವೂ ಒಂದು ಕಾಲು ಜೂಜಿನ ಮೇಜಿನ ಪಕ್ಕ ಇಡದೆ ನಿಲ್ಲುವ ಹಾಗಿಲ್ಲ. ವೆನಿಸ್ ಕಾಲುವೆ ಬೇಕಾದರೆ ಎರಡನೇ ಮಹಡಿಗೆ ಹತ್ತಬೇಕು. ಮಹಡಿ ಮೇಲೆ ಕಾಲುವೆ, ಕಾಲುವೆಯಲ್ಲಿ ದೋಣಿ, ದೋಣಿಯವನ ಬಾಯಲ್ಲಿ ಇಟಲಿಯ ಹಾಡು, ಮೇಲೆ ಬಣ್ಣ ಬಳಿದ ಆಕಾಶ. ಆ ಆಕಾಶದಲ್ಲಿ ಕತ್ತಲಾಗುವುದೇ ಇಲ್ಲ. ಕತ್ತಲಾದರೆ ಜನಕ್ಕೆ ಮನೆ ನೆನಪಾಗುತ್ತಲ್ವಾ! ಗಡಿಯಾರ ಹುಡುಕಲು ಹೋಗಬೇಡಿ, ಕ್ಯಾಸಿನೊ ಒಳಗೆ ಅದನ್ನು ನೋಡಿದವರು ಕಡಿಮೆ. ಯಾವ ಆಕರ್ಷಣೆಗೆ ಹೋಗಲು ದಾರಿ ಕೇಳಿದರೂ ಉತ್ತರ ಒಂದೇ, ನೇರ ಹೋಗಿ, ಸ್ಲಾಟ್ ಎಂಬ ಜೂಜಿನ ಮಷೀನುಗಳ ಮಧ್ಯೆ ಎಡಕ್ಕೆ ತಿರುಗಿ. ಶೌಚಾಲಯಕ್ಕೂ ಅದೇ ದಾರಿ. ವಿಮಾನ ಇಳಿದು ಬ್ಯಾಗಿಗೆ ಕಾಯುವ ಮುಂಚೆಯೇ, ನಿಲ್ದಾಣದ ಒಳಗೇ ಮಷೀನುಗಳು ಕಣ್ಣು ಮಿಟುಕಿಸುತ್ತಾ ಕೂತಿರುತ್ತವೆ.

ನಿಜವಾಗಿ ಬಿಟ್ಟಿ ಮನರಂಜನೆ ಸಿಕ್ಕಿರುವುದು ಹುಳುಗಳಿಗೆ. ಪಿರಮಿಡ್ ಆಕಾರದ ಹೋಟೆಲಿನ ತುದಿಯಿಂದ ರಾತ್ರಿ ಹೊತ್ತು ಆಕಾಶಕ್ಕೆ ಒಂದು ಬೆಳಕಿನ ಕಂಬ ಹೋಗುತ್ತದೆ. ಬೆಳಕಿಗೆ ಪತಂಗ ಬಂದವು, ಪತಂಗಕ್ಕೆ ಬಾವಲಿ ಬಂದವು, ಅವನ್ನು ಹಿಡಿಯಲು ಗೂಬೆಗಳೂ ಬಂದವು. 2019ರ ಬೇಸಿಗೆಯಲ್ಲಿ ಮಿಡತೆಗಳ ದಂಡೇ ಬಂದು ಊರ ದೀಪಗಳಿಗೆ ಮುತ್ತಿಕೊಂಡಿತ್ತು. ಪಾಪ, ರೂಮು ಬಾಡಿಗೆ ಕೊಡದೆ ವೇಗಸ್ ನೋಡಿ ಹೋದ ಏಕೈಕ ಪ್ರವಾಸಿ ತಂಡ ಅದು.

ಮನುಷ್ಯರಿಗೆ ಆ ಭಾಗ್ಯ ಇಲ್ಲ. ರೂಮು ಬಾಡಿಗೆ ಅಗ್ಗ ಅಂತ ಖುಷಿಯಾಗಿ ಬುಕ್ ಮಾಡಿದರೆ, ಕೊನೆಗೆ ರೆಸಾರ್ಟ್ ಶುಲ್ಕ ಅಂತ ಒಂದು ಬರುತ್ತಿತ್ತು. ಯಾಕಪ್ಪಾ ಅಂದರೆ ವೈಫೈಗೆ, ಜಿಮ್ಮಿಗೆ. ನಾನು ಜಿಮ್ಮಿನ ಕಡೆ ತಲೆ ಹಾಕಿಯೂ ಮಲಗುವವನಲ್ಲ ಅಂದರೂ ಬಿಡುತ್ತಿರಲಿಲ್ಲ. 2025ರ ಮೇ ತಿಂಗಳಿಂದ ಒಟ್ಟು ದುಡ್ಡನ್ನು ಮೊದಲೇ ತೋರಿಸಬೇಕು ಅಂತ ಕೇಂದ್ರದ ನಿಯಮ ಬಂದಿದೆ. ಶುಲ್ಕ ಹೋಗಿಲ್ಲ, ಕೊನೆಯಲ್ಲಿ ಇದ್ದದ್ದು ಮುಂದಕ್ಕೆ ಬಂದು ಕೂತಿದೆ ಅಷ್ಟೇ.

ಇತಿಹಾಸ ಪ್ರಿಯರು ಬೇಜಾರಾಗಬೇಡಿ. ಈ ಊರಿಗೆ ಇತಿಹಾಸ ಅಂದರೆ ಪ್ರಾಣ, ಅದನ್ನು ಉಡಾಯಿಸುವುದಕ್ಕೂ ಟೈಮ್ ಟೇಬಲ್ ಹಾಕುತ್ತಾರೆ. 1993ರಲ್ಲಿ ಡ್ಯೂನ್ಸ್ ಎಂಬ ಹಳೇ ಹೋಟೆಲನ್ನು ಕೆಡವುವಾಗ ಹೊಸ ಹೋಟೆಲಿನ ಮುಂದಿನ ಕಡಲ್ಗಳ್ಳರ ಪ್ರದರ್ಶನದ ಹಡಗೊಂದು ಫಿರಂಗಿ ಹಾರಿಸಿದಂತೆ ನಾಟಕ ಮಾಡಿದರು, ಆ ಗುಂಡಿಗೇ ಕಟ್ಟಡ ಬಿತ್ತು ಎಂಬಂತೆ. 1957ರ ಟ್ರಾಪಿಕಾನಾ 2024ರ ಅಕ್ಟೋಬರ್‌ನಲ್ಲಿ ನಡುರಾತ್ರಿ ಪಟಾಕಿ, ಡ್ರೋನ್ ಪ್ರದರ್ಶನದ ಜೊತೆ ನೆಲಕ್ಕೊರಗಿತು. ಕಟ್ಟಡ ಕೆಡವಿದರೂ ಕೆಲವು ಹೋಟೆಲುಗಳ ನಿಯಾನ್ ಬೋರ್ಡು ಮಾತ್ರ ಜೋಪಾನ ಮಾಡಿ ನಿಯಾನ್ ಮ್ಯೂಸಿಯಂ ಅಂಗಳದಲ್ಲಿ ಇಟ್ಟಿದ್ದಾರೆ, ಅದನ್ನು ನೋಡಲು ಟಿಕೆಟ್. ಮಾಫಿಯಾದವರಿಗೂ ಮ್ಯೂಸಿಯಂ ಇದೆ. 1950ರಲ್ಲಿ ಸೆನೆಟ್ ಸಮಿತಿ ಬಂದು ಜೂಜಿನ ಹಿಂದಿನ ಪಾತಕಿಗಳ ಬಗ್ಗೆ ವಿಚಾರಣೆ ನಡೆಸಿದ ಅದೇ ಕೋರ್ಟ್ ಕಟ್ಟಡದಲ್ಲಿ. ವಿಚಾರಣೆಗೆ ಕಟಕಟೆಯಾಗಿದ್ದ ಜಾಗದಲ್ಲಿ ಈಗ ಪಾತಕಿಗಳ ಹೆಸರಲ್ಲಿ ಅಂಗಡಿ ನಡೆಯುತ್ತಿದೆ.

ಇದೆಲ್ಲ ಸಣ್ಣದು. 1951ರಿಂದ ಊರಿಗೆ ನೂರು ಕಿಲೋಮೀಟರ್ ಆಚೆಯ ಮರುಭೂಮಿಯಲ್ಲಿ ಸರ್ಕಾರ ಅಣುಬಾಂಬ್ ಪರೀಕ್ಷೆ ಶುರು ಮಾಡಿದಾಗ ಬೇರೆ ಊರಾಗಿದ್ದರೆ ಜನ ಗಂಟುಮೂಟೆ ಕಟ್ಟುತ್ತಿದ್ದರು. ವೇಗಸ್ ಪಾರ್ಟಿ ಇಟ್ಟುಕೊಂಡಿತು. ಯಾವತ್ತು ಸಿಡಿಯುತ್ತದೆ, ಎಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ ಅಂತ ಪ್ರವಾಸಿಗರಿಗೆ ಕ್ಯಾಲೆಂಡರ್ ಹಂಚಿದರು. ಹೋಟೆಲುಗಳಲ್ಲಿ ಬೆಳಗಿನ ಜಾವದವರೆಗೂ ಕುಡಿತ, ಆಮೇಲೆ ಅಣಬೆ ಮೋಡ. 1957ರಲ್ಲಿ ಒಬ್ಬ ನರ್ತಕಿಗೆ ಹತ್ತಿಯಲ್ಲಿ ಅಣಬೆ ಮೋಡ ಮಾಡಿ ಈಜುಡುಗೆಗೆ ಅಂಟಿಸಿ 'ಮಿಸ್ ಅಟಾಮಿಕ್ ಬಾಂಬ್' ಅಂತ ಫೋಟೋ ತೆಗೆದರು. ಗಮನಿಸಿ, ಆಗ ನಿಂತು ನೋಡುವುದಕ್ಕೆ ಅಡ್ಡಿ ಇರಲಿಲ್ಲ. ಎಲ್ಲಿ ನಿಲ್ಲಬೇಕು ಅಂತ ಅವರೇ ಹೇಳುತ್ತಿದ್ದರು.

ಈಗ ಅಣುಬಾಂಬ್ ಇಲ್ಲ, ಬೆಲಾಜಿಯೊ ಹೋಟೆಲಿನ ಕಾರಂಜಿ ಇದೆ. 1,200ಕ್ಕೂ ಹೆಚ್ಚು ಕೊಳವೆಗಳು, ಹಾಡಿಗೆ ತಕ್ಕಂತೆ ಕುಣಿಯುವ ನೀರು, ಅದೂ ವರ್ಷಕ್ಕೆ ಸುಮಾರು 10 ಸೆಂಟಿಮೀಟರ್ ಮಳೆ ಬೀಳುವ ಊರಲ್ಲಿ. ಅಪ್ಪಟ ಬಿಟ್ಟಿ. ಬಿಟ್ಟಿ ಅನ್ನೋದೇ ಅದರ ಪಾಪ. 2023ರ ನವೆಂಬರ್‌ನಲ್ಲಿ ಫಾರ್ಮುಲಾ ಒನ್ ಕಾರ್ ರೇಸ್ ಬಂದಾಗ ಕಾರಂಜಿ ಮುಂದಿನ ಮರಗಳನ್ನು ಕಡಿದು ಗ್ಯಾಲರಿ ಕಟ್ಟಿದರು. ರಸ್ತೆ ದಾಟುವ ಪಾದಚಾರಿ ಸೇತುವೆಗಳ ಗಾಜಿಗೆ ಹಾಳೆ ಅಂಟಿಸಿ ಮಬ್ಬು ಮಾಡಿದರು, ಯಾರಾದರೂ ಟಿಕೆಟ್ ಇಲ್ಲದೆ ಕಾರು ನೋಡಿಬಿಟ್ಟಾರು ಅಂತ. ರೇಸು ಮುಗಿಯಿತು, ಹಾಳೆ ಹೋಯಿತು, ಆದರೆ ಆ ಸೇತುವೆಗಳ ಮೇಲೆ ಕೌಂಟಿಯವರ ಕಣ್ಣು ಬಿತ್ತು. 2024ರ ಜನವರಿಯಲ್ಲಿ ಕಮಿಷನರುಗಳು ಸಭೆ ಸೇರಿ, ಆರಾಮಾಗಿ ಕುರ್ಚಿಯಲ್ಲಿ ಕೂತು, ಸೇತುವೆ ಮೇಲೆ ಯಾರೂ ನಿಲ್ಲಬಾರದು ಅಂತ ಕಾನೂನು ಮಾಡಿದರು.

ತಮಾಷೆಯಲ್ಲ. ಸೇತುವೆಗಳು ಈಗ 'ಪಾದಚಾರಿ ಹರಿವಿನ ವಲಯ'. ಅದರ ಮೇಲಾಗಲಿ, ಅದರಿಂದ 20 ಅಡಿ ಒಳಗಾಗಲಿ ನಿಂತರೆ ತಪ್ಪು. ನೀವು ನಿಲ್ಲದೆ, ಇನ್ನೊಬ್ಬರು ನಿಲ್ಲುವಂತೆ ಏನಾದರೂ ಮಾಡಿದರೂ ತಪ್ಪು. ಶಿಕ್ಷೆ 6 ತಿಂಗಳವರೆಗೆ ಜೈಲು, ಇಲ್ಲವೇ 1,000 ಡಾಲರ್‌ವರೆಗೆ ದಂಡ, ಅದೃಷ್ಟ ಕೆಟ್ಟರೆ ಎರಡೂ. ಜನರ ಸುರಕ್ಷತೆಗಾಗಿ ಅಂತೆ. ಕೈಯಲ್ಲಿ ಗಜ ಉದ್ದದ ಪ್ಲಾಸ್ಟಿಕ್ ಗ್ಲಾಸಿನಲ್ಲಿ ಮದ್ಯ ಹಿಡಿದು ತೂರಾಡುತ್ತಾ ಹೋಗಬಹುದು, ಅದು ಹರಿವು. ಮೊಮ್ಮಗಳಿಗೆ ಕಾರಂಜಿ ತೋರಿಸಲು ಅಜ್ಜ ಎರಡು ನಿಮಿಷ ನಿಂತರೆ ಕಾನೂನಿನ ಅಕ್ಷರದ ಪ್ರಕಾರ ಅಪರಾಧ.

ಇದನ್ನು ಪ್ರಶ್ನಿಸಿ ನಾಗರಿಕ ಹಕ್ಕುಗಳ ಸಂಘಟನೆ ಕೋರ್ಟಿಗೆ ಹೋಯಿತು. ಅದರ ಪರವಾಗಿ ನಿಂತವರಲ್ಲಿ ಒಬ್ಬರು ಬೀದಿಯಲ್ಲಿ ಪಿಟೀಲು ನುಡಿಸುವವರು, ಇನ್ನೊಬ್ಬರು ಗಾಲಿಕುರ್ಚಿಯಲ್ಲಿ ಓಡಾಡುವ ಮಹಿಳೆ. ಊರಿಗೆ ಅಪಾಯ ಯಾರಿಂದ ಅಂತ ಈಗ ಗೊತ್ತಾಯಿತಲ್ಲ. ಸಾವಿರಾರು ಸ್ಲಾಟ್ ಮಷೀನುಗಳ ಕಿರುಚಾಟ ಸಹಿಸುವ ಊರಿಗೆ ಒಂದು ಪಿಟೀಲು ಸಹಿಸಲು ಆಗಲಿಲ್ಲ, ಯಾಕಂದರೆ ಪಿಟೀಲು ಕೇಳಿದವನು ನಿಲ್ಲುತ್ತಾನೆ, ನಿಂತವನು ಅಷ್ಟು ಹೊತ್ತು ಏನೂ ಖರ್ಚು ಮಾಡುವುದಿಲ್ಲ, ಮಾಡಿದರೂ ಒಂದು ಡಾಲರು ಪಿಟೀಲಿನ ಪೆಟ್ಟಿಗೆಗೆ.

ಹೋಗುವವರಿಗೆ ಒಂದು ಕಿವಿಮಾತು. ಕಾನೂನಿನಲ್ಲಿ ಲಿಫ್ಟಿಗೆ ಕಾಯುವವರಿಗೆ ವಿನಾಯಿತಿ ಇದೆ. ಹಾಗಾಗಿ ಸೇತುವೆಯಿಂದ ಕಾರಂಜಿ ನೋಡಲೇಬೇಕು ಅನ್ನಿಸಿದರೆ ಲಿಫ್ಟಿನ ಬಾಗಿಲ ಹತ್ತಿರ ನಿಂತು ಗುಂಡಿ ಒತ್ತಿ. ಬಾಗಿಲು ತೆರೆದರೆ ಹತ್ತಬೇಡಿ. ಪೊಲೀಸರು ಕೇಳಿದರೆ ಮುಂದಿನದ್ದಕ್ಕೆ ಕಾಯುತ್ತಿದ್ದೇವೆ ಅನ್ನಿ, ಇದರಲ್ಲಿ ಜನ ಜಾಸ್ತಿ.