ಹಂದಿಮರಿಗಳ ಸಾವನ್ನು ಯಾವ ಲೆಕ್ಕಕ್ಕೆ ಬರೆಯಬೇಕು?

ಕೊಡಗಿನ ಮಳೆಗಾಲದಲ್ಲಿ ಹಂದಿ ಸಾಕುವವರು ಆಗಾಗ ಹೇಳುವ ಮಾತೊಂದಿದೆ: ‘ತಾಯಿ ಮೈಮೇಲೆ ಮಲಗಿ ಮರಿ ಸತ್ತಿತು.’ ಹಾಗೆ ಸತ್ತ ಮರಿಯನ್ನು ಕೊಯ್ದು ನೋಡಿದರೆ ಎಷ್ಟೋ ಸಲ ಜಠರದಲ್ಲಿ ಹಾಲಿನ ಗರಣೆಯೇ ಇರುವುದಿಲ್ಲ. ಅಂಥ ಮರಿ ಹಾಲಿಲ್ಲದೆ ನಿತ್ರಾಣಗೊಂಡು, ಚಳಿಗೆ ತಾಯಿಯನ್ನು ಒತ್ತಿಕೊಂಡು ಮಲಗಿ, ತಾಯಿ ಹೊರಳಿದಾಗ ಸರಿದುಕೊಳ್ಳಲಾರದೆ ಸತ್ತಿರುತ್ತದೆ. ಇಂಥ ಸಾವುಗಳನ್ನು ರಕ್ತದ ಸಕ್ಕರೆ ಕುಸಿತದ ಲೆಕ್ಕಕ್ಕೇ ಬರೆಯಬೇಕೆಂಬುದು ನನ್ನ ಅಭಿಪ್ರಾಯ.

ಹುಟ್ಟಿದ ಹಂದಿಮರಿಯ ಮೈಯಲ್ಲಿ ಕೊಬ್ಬು ಶೇ. 1ರಿಂದ 2ರಷ್ಟು ಮಾತ್ರ. ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಒಂದು ದಿನದೊಳಗೆ ಮುಗಿಯುತ್ತದೆ; ಬೇರೆ ಪದಾರ್ಥಗಳಿಂದ ಸಕ್ಕರೆ ತಯಾರಿಸಿಕೊಳ್ಳುವ ಶಕ್ತಿಯೂ ಮೊದಲ ವಾರದಲ್ಲಿ ಬಲಿತಿರುವುದಿಲ್ಲ. ಮರಿಗೆ ಬೇಕಾದದ್ದು 32ರಿಂದ 35 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ಜಾಗ. ಒದ್ದೆ ಸಿಮೆಂಟು ನೆಲದ ಮೇಲೆ ಅದರ ಗತಿ ಏನೆಂದು ಊಹಿಸಬಹುದು.

ಮೊದಲು ಕೂದಲು ನಿಮಿರಿ ಮರಿ ನಡುಗುತ್ತದೆ, ನಂತರ ತೂರಾಡಿ ಮೂತಿಯನ್ನು ನೆಲಕ್ಕೂರುತ್ತದೆ, ಕೊನೆಗೆ ಒಂದು ಮಗ್ಗುಲಿಗೆ ಬಿದ್ದು ಕಾಲು ಬಡಿಯುತ್ತದೆ. ಸುಮಾರು 39 ಡಿಗ್ರಿ ಇರಬೇಕಾದ ಮೈ ಮುಟ್ಟಿದರೆ ತಣ್ಣಗಿರುತ್ತದೆ. ಕಿವಿಯ ರಕ್ತನಾಳದಿಂದ ಒಂದು ಹನಿ ತೆಗೆದು ಮನುಷ್ಯರ ಗ್ಲೂಕೋಮೀಟರಿನಲ್ಲೇ ನೋಡಿದರೂ ಅಂದಾಜು ಸಿಗುತ್ತದೆ: ಆರೋಗ್ಯವಂತ ಮರಿಯಲ್ಲಿ ಡೆಸಿಲೀಟರಿಗೆ 90ರಿಂದ 130 ಮಿಲಿಗ್ರಾಂ ಇರುವ ಸಕ್ಕರೆ, ಈ ಮರಿಗಳಲ್ಲಿ 50ಕ್ಕಿಂತ ಕೆಳಗಿಳಿದಿರುತ್ತದೆ. ಹುಟ್ಟಿನಿಂದಲೇ ಬರುವ ನಡುಕದ ರೋಗವೇ ಬೇರೆ. ಅದು ಮರಿ ನಿದ್ದೆ ಹೋದಾಗ ನಿಂತುಬಿಡುತ್ತದೆ. ಮಿದುಳು ಪೊರೆಯ ಉರಿಯೂತದಲ್ಲೂ ಮರಿ ಹೀಗೆಯೇ ಕಾಲು ಬಡಿಯುವುದರಿಂದ ಜ್ವರ ನೋಡದೆ ತೀರ್ಮಾನಿಸಬಾರದು.

ಚಿಕಿತ್ಸೆ ದುಬಾರಿಯದಲ್ಲ. ಶೇ. 5ರ ಗ್ಲೂಕೋಸ್ ದ್ರಾವಣವನ್ನು ಮೈಬಿಸಿಗೆ ತಂದು, 15 ಮಿಲಿಲೀಟರಿನಷ್ಟನ್ನು ಹೊಟ್ಟೆಯ ಪೊರೆಯೊಳಗೆ ಚುಚ್ಚಿ, ಮರಿ ತಾನಾಗಿ ಹಾಲು ಕುಡಿಯುವವರೆಗೆ 4ರಿಂದ 6 ಗಂಟೆಗೊಮ್ಮೆ ಮತ್ತೆ ಕೊಡಬೇಕು. ಕರುಳಿಗೆ ಸೂಜಿ ತಾಗುವ ಅಪಾಯ ಇರುವುದರಿಂದ ಮೊದಲ ಸಲ ಪಶುವೈದ್ಯರಿಂದಲೇ ಕಲಿಯಬೇಕು. ಜೊತೆಗೆ ಮರಿಯನ್ನು ಒರೆಸಿ ಒಣಗಿಸಿ ಬಲ್ಬಿನ ಕೆಳಗೆ ಇಡದಿದ್ದರೆ ಕೊಟ್ಟ ಸಕ್ಕರೆಯೆಲ್ಲ ಚಳಿ ತಡೆಯುವುದಕ್ಕೇ ಖರ್ಚಾಗುತ್ತದೆ. ಪ್ರಜ್ಞೆ ತಪ್ಪಿದ ಮರಿಯ ಬಾಯಿಗೆ ಬೆಲ್ಲದ ನೀರು ಹೊಯ್ಯುವುದನ್ನು ಮಾತ್ರ ನಾನು ಖಂಡಿತ ಒಪ್ಪುವುದಿಲ್ಲ. ಅದು ಶ್ವಾಸಕೋಶಕ್ಕೆ ಇಳಿದು ಮರಿಯನ್ನು ಕೊಲ್ಲುತ್ತದೆ. ಕಬ್ಬಿಣಾಂಶದ ಚುಚ್ಚುಮದ್ದು ಬೇಕಾದದ್ದೇ, ಆದರೆ ಅದು ಮುಂದೆ ಬರುವ ರಕ್ತಹೀನತೆಗೆ. ಈ ಹೊತ್ತಿನ ಸಂಕಟಕ್ಕೆ ಅದರಿಂದ ಏನೂ ಆಗದು.

ಒಂದೇ ಸೂಲಿನ ಹಲವು ಮರಿಗಳು ಒಟ್ಟಿಗೆ ಸೋತರೆ ತಾಯಿಯನ್ನು ನೋಡಬೇಕು. ಅದು ಮೇವು ಬಿಟ್ಟಿದೆಯೇ, ಜ್ವರವಿದೆಯೇ, ಕೆಚ್ಚಲು ಗಟ್ಟಿಯಾಗಿ ಬಿಸಿಯಾಗಿದೆಯೇ, ಮೊಲೆ ಕೊಡದೆ ಹೊಟ್ಟೆಯಡಿಗೆ ಮಾಡಿಕೊಂಡು ಮಲಗುತ್ತಿದೆಯೇ? ಹಾಗಿದ್ದರೆ ಚಿಕಿತ್ಸೆ ಅದಕ್ಕೇ ಮೊದಲು ಆಗಬೇಕು. ಹಾಲು ಇಳಿಯುವವರೆಗೆ ಮರಿಗಳನ್ನು ಅದೇ ಸಮಯಕ್ಕೆ ಮರಿ ಹಾಕಿದ ಇನ್ನೊಂದು ಹಂದಿಗೆ ಬಿಡಬಹುದು. ಅಲ್ಲೂ ಮೊಲೆಗಿಂತ ಮರಿ ಹೆಚ್ಚಾದರೆ, ಹೊಟ್ಟೆ ತುಂಬಿದ ದಪ್ಪ ಮರಿಗಳನ್ನು ಸ್ವಲ್ಪ ಹೊತ್ತು ಬೆಚ್ಚಗಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಸಣ್ಣವಕ್ಕೆ ಗಿಣ್ಣುಹಾಲು ಕುಡಿಯಲು ಬಿಡಬೇಕು.