ಕಕ್ಕಡದಲ್ಲಿ ಫಿರಂಗಿಗೆ ಶೃಂಗಾರ

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಮಳೆ ತಿಂಗಳು ಕಕ್ಕಡದಲ್ಲಿ ಕೊಡಗಿನವರು ಮದುವೆ ಇಟ್ಟುಕೊಳ್ಳುವುದಿಲ್ಲ. ಪಾರ್ಕಿನ ಫಿರಂಗಿಗೆ ಮಾತ್ರ ಆ ತಿಂಗಳಲ್ಲೇ ಮುಹೂರ್ತ. ಆಗಸ್ಟ್ 15ಕ್ಕೆ ಮೂರು ದಿನ ಇದೆ ಎನ್ನುವಾಗ, ಸುರಿಯುವ ಮಳೆಯಲ್ಲಿ ಒಬ್ಬ ಕೊಡೆ ಹಿಡಿಯುತ್ತಾನೆ, ಇನ್ನೊಬ್ಬ ಸಿಲ್ವರ್ ಪೈಂಟ್ ಬಳಿಯುತ್ತಾನೆ. ಹಳೇ ತುಕ್ಕಿನ ಮೇಲೇ. ಉಜ್ಜುವ ಕೆಲಸ ಅಂದಾಜು ಪಟ್ಟಿಯಲ್ಲಿತ್ತು, ಬಿಲ್ಲಿನಲ್ಲೂ ಇತ್ತು. ಫಿರಂಗಿಯ ಹತ್ತಿರ ಬರಲಿಲ್ಲ, ಅಷ್ಟೆ.

ಇದು ಸಾಮಾನ್ಯ ತೋಪಲ್ಲ, 25 ಪೌಂಡರ್, ಅಂದರೆ 25 ಪೌಂಡಿನ ಗುಂಡು ಹಾರಿಸುವ ಬ್ರಿಟಿಷ್ ತೋಪು. ಎರಡನೇ ಮಹಾಯುದ್ಧ ಕಂಡದ್ದು, 1965ರಲ್ಲೂ ನಮ್ಮ ಸೇನೆಯ ಜೊತೆಗಿದ್ದದ್ದು. ನಳಿಗೆಯ ಒಳವ್ಯಾಸ 87.6 ಮಿಲಿಮೀಟರ್, ಗುಂಡಿನ ತೂಕ ಸುಮಾರು 11.3 ಕಿಲೋ, ಹಾರುವ ದೂರ ಸುಮಾರು 12 ಕಿಲೋಮೀಟರ್. ಮಡಿಕೇರಿಯಿಂದ ಹಾರಿಸಿದರೆ ಅಬ್ಬಿ ಜಲಪಾತ ದಾಟಿ ಯಾರದೋ ಕಾಫಿ ತೋಟಕ್ಕೆ ಬೀಳುತ್ತದೆ. ಫಲಕದಲ್ಲಿ ಇದ್ಯಾವುದೂ ಇಲ್ಲ, 'ಕೊಡಗಿನ ರಾಜರ ಕಾಲದ ಪುರಾತನ ಫಿರಂಗಿ' ಎಂದಿದೆ. ಚಿಕ್ಕವೀರರಾಜೇಂದ್ರನನ್ನು ಬ್ರಿಟಿಷರು ಪಟ್ಟದಿಂದ ಇಳಿಸಿದ್ದು 1834ರಲ್ಲಿ. ಡನ್ಲಪ್ ಗಾಳಿ ಟೈರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ. ಫಿರಂಗಿ ನಿಂತಿರುವುದು ಎರಡು ರಬ್ಬರ್ ಟೈರುಗಳ ಮೇಲೆ. ನಮ್ಮ ಅರಸರು ಅಷ್ಟು ದೂರದೃಷ್ಟಿಯವರು!

ಆ ಟೈರುಗಳೂ ಈಗ ಗಾಳಿ ಇಲ್ಲದೆ ಚಪ್ಪಟೆಯಾಗಿ ಬಿರಿದಿವೆ. ಅಚ್ಚಿನ ಕೆಳಗೆ ಎರಡು ಕಬ್ಬಿಣದ ಸ್ಟ್ಯಾಂಡ್ ಕೊಟ್ಟಿದ್ದರೆ ಭಾರ ರಬ್ಬರಿನ ಮೇಲೆ ಬೀಳುತ್ತಿರಲಿಲ್ಲ.

ನಳಿಗೆಯನ್ನು ಮುಗಿಲಿಗೆ ಎತ್ತಿಟ್ಟಿದ್ದಾರೆ. ಸೆಲ್ಫಿಗೆ ವೀರಾವೇಶ ಬೇಕಲ್ಲ. ಮಳೆಗಾಲದಲ್ಲಿ ಅದು ನಳಿಗೆಯಲ್ಲ, ಮಳೆಕೊಯ್ಲು ಯೋಜನೆ. ನೀರೆಲ್ಲ ಹಿಂದಕ್ಕಿಳಿದು, ಗುಂಡು ತುಂಬುವ ಹಿಂಬದಿಯ ಬ್ರೀಚಿನಲ್ಲಿ ನಿಲ್ಲುತ್ತದೆ. ಅದನ್ನು ಮುಚ್ಚುವ, ಗ್ರೀಸು ಕಾಣದ ಬ್ರೀಚ್ ಬ್ಲಾಕ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಬಾಯಿಯನ್ನು ಒಂದೆರಡು ಡಿಗ್ರಿ ಕೆಳಕ್ಕೆ ಬಾಗಿಸಿ ಮರದ ಬಿರಡೆ ಹಾಕಿದ್ದರೆ ಮುಗಿಯುತ್ತಿತ್ತು. ಸೊಳ್ಳೆ ಎಂದು ದೂರು ಬಂದಾಗ ಬಾಯಿಗೆ ಸಿಮೆಂಟು ಮೆತ್ತಿದರು. ಒಳಗಿದ್ದ ನೀರು ನಾಲ್ಕು ಚಿಪ್ಸ್ ಪ್ಯಾಕೆಟ್ ಸಮೇತ ಅಲ್ಲೇ ಠೇವಣಿಯಾಯಿತು.

ಬಣ್ಣಕ್ಕೂ ಒಂದು ಲೆಕ್ಕ ಉಂಟು. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ, ಒಳಗೆ ಉಬ್ಬಿ ಮೇಲಿನ ಬಣ್ಣವನ್ನು ಹಪ್ಪಳದ ಹಾಗೆ ಎತ್ತುತ್ತದೆ. ವೈರ್ ಬ್ರಷ್‌ನಿಂದ ಬರಿ ಲೋಹ ಕಾಣುವವರೆಗೆ ಉಜ್ಜಬೇಕು, ಒರೆಸಿ ಒಣಗಿಸಬೇಕು, ಮತ್ತೆ ತೇವ ಹಿಡಿಯುವ ಮೊದಲು ಅದೇ ದಿನ ಪ್ರೈಮರ್ ಹಾಕಬೇಕು, ಆಮೇಲೆ ಎರಡು ಕೋಟ್ ಬಣ್ಣ. ಗಾಳಿಯ ತೇವಾಂಶ ಶೇ 85 ದಾಟಿದರೆ ಡಬ್ಬದ ಮುಚ್ಚಳವನ್ನೇ ತೆಗೆಯಬಾರದು. ಕಕ್ಕಡದಲ್ಲಿ ನಮ್ಮಲ್ಲಿ ಬೀರುವಿನ ಒಳಗಿನ ಪಂಚೆಗೂ ಬೂಸ್ಟು ಹಿಡಿಯುತ್ತದೆ. ಬಣ್ಣಕ್ಕೆ ಯೋಗ್ಯವಾದದ್ದು ಜನವರಿಯಿಂದ ಮಾರ್ಚ್. ಆದರೆ ಮಾರ್ಚಿನಲ್ಲಿ ಬಿಲ್ಲು ಬರೆಯುವ ಗಡಿಬಿಡಿ, ಬ್ರಷ್ ಹಿಡಿಯಲು ಪುರುಸೊತ್ತೆಲ್ಲಿ?

ಫಿರಂಗಿಯ ಬಾಲದಡಿಯಲ್ಲಿ, ಅಂದರೆ ಹಿಂದಕ್ಕೆ ಚಾಚಿ ನೆಲಕ್ಕೆ ಊರುವ ಕಬ್ಬಿಣದ ಕಾಲಿನಡಿಯಲ್ಲಿ, ಇರಬೇಕಾದ ದುಂಡು ಚಕ್ರ ಎಲ್ಲಿ ಎಂದು ಹುಡುಕಬೇಡಿ. ಅದನ್ನು ನೆಲಕ್ಕಿಳಿಸಿ ತೋಪನ್ನು ಅದರ ಮೇಲೆ ಹತ್ತಿಸಿದರೆ ಎಷ್ಟು ಭಾರವಿದ್ದರೂ ಸಲೀಸಾಗಿ ಪೂರಾ ಒಂದು ಸುತ್ತು ತಿರುಗುತ್ತಿತ್ತು. ಈಗ ಅದು ದಾಸವಾಳದ ಪಾತಿಗೆ ಕಟ್ಟೆ.

ತಿಳಿದವರಿಗೆ ಬರವೇನಿಲ್ಲ. ಇನ್ನು ಮೂರು ವಾರಕ್ಕೆ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೋದ್. ಮನೆಮನೆಯಲ್ಲಿ ಕೋವಿ ಇಳಿಸಿ, ಕೋಲಿಗೆ ಬಟ್ಟೆ ಸುತ್ತಿ ನಳಿಗೆ ಒರೆಸಿ, ಎಣ್ಣೆ ಸವರಿ, ತೋಕ್ ಪೂ ಎಂಬ ಕೋವಿ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ. ಫಿರಂಗಿದಳದಿಂದ ನಿವೃತ್ತರಾದವರೂ ಇದೇ ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತಾರೆ. ಅವರನ್ನು ಒಂದು ಮಾತು ಕೇಳಬೇಕಾದರೆ ಸಮಿತಿ ಆಗಬೇಕು.

ಬಾಲದ ತುದಿಯನ್ನು ಕಾಂಕ್ರೀಟಿನಲ್ಲಿ ಹೂತಿದ್ದಾರೆ, ಒಳಗೆ ನೀರು ನಿಲ್ಲುತ್ತದೆ. ಬಾಲದ ತೀರಾ ತಗ್ಗಿದ ಜಾಗದಲ್ಲಿ ಬೆರಳುಗಾತ್ರದ ತೂತು ಕೊರೆಯಿರಿ ಎಂದು ಯಾರೋ ಅರ್ಜಿ ಕೊಟ್ಟಿದ್ದರು. ಡ್ರಿಲ್ಲಿಗೆ ಹತ್ತು ನಿಮಿಷದ ಕೆಲಸ. ತೂತಿಗೆ ಲೆಕ್ಕಶೀರ್ಷಿಕೆ ಇಲ್ಲವೆಂದು ಅರ್ಜಿ ವಾಪಸಾಯಿತು. ಈ ಮಳೆಗಾಲ ತುಕ್ಕೇ ಟೆಂಡರಿಲ್ಲದೆ ತೂತು ಕೊರೆದಿದೆ, ನೀರು ಸರಾಗವಾಗಿ ಹೋಗುತ್ತಿದೆ. ಅದನ್ನು ಸಿಮೆಂಟಿನಿಂದ ಮುಚ್ಚಲು ಅಂದಾಜು ಪಟ್ಟಿ ತಯಾರಾಗುತ್ತಿದೆ.