ಮರದ ಮೇಲೆ ಏನಿದೆ ಸಾರ್?

ಸೀತಾಳೆ ಹೂ, ಅಂದರೆ ಆರ್ಕಿಡ್, ಮಲೆನಾಡಿನವರ ಸ್ವತ್ತು ಅಂತ ತುಮಕೂರಿನವರು ಯಾವಾಗಲೋ ಬಿಟ್ಟುಕೊಟ್ಟಿದ್ದಾರೆ. ಸುಮ್ನೆ ಬಿಟ್ಟುಕೊಟ್ಟರು. ನಮ್ಮ ದೇವರಾಯನದುರ್ಗದ ಒಣ ಕಾಡಲ್ಲೂ ವಂಡಾ ಟೆಸಲೇಟಾ ಎಂಬ ಆರ್ಕಿಡ್ ಇದೆ. ಕಷ್ಟ ಏನಂದರೆ, ಅದು ಇರೋದು ಮರದ ಮೇಲೆ. ನಮ್ಮ ಕಡೆ ಒಬ್ಬ ರಸ್ತೆ ಬದಿಯಲ್ಲಿ ತಲೆ ಎತ್ತಿ ನಿಂತರೆ ಸಾಕು, ಸಂತೆ ಸೇರುತ್ತದೆ.

ಮೊನ್ನೆ ನಾಮದ ಚಿಲುಮೆ ದಾರಿಯಲ್ಲಿ ಅದೇ ಆಯಿತು. ಸ್ಕೂಟರ್ ನಿಲ್ಲಿಸಿ ಮೇಲೆ ನೋಡಿದೆ. ಹಿಂದೆಯೇ ಒಂದು ಬೈಕ್ ನಿಂತಿತು.

"ಹಾವಾ ಸಾರ್?"

"ಅಲ್ಲಪ್ಪ, ಗಿಡ."

"ಜೇನಿರಬೇಕು, ಹೇಳ್ತಿಲ್ಲ" ಅಂತ ಹುಡುಗ ಹಿಂದೆ ಕೂತವನ ಕಿವಿಯಲ್ಲಿ ಹೇಳಿದ. ಅಷ್ಟಕ್ಕೇ ಪಕ್ಕದಲ್ಲಿ ನಿಧಾನಿಸಿದ್ದ ಕಾರಿನ ಗಾಜು ಏರಿತು.

ಕುರಿ ಹೊಡೆದುಕೊಂಡು ಬಂದ ಅಜ್ಜ ತೀರ್ಪು ಕೊಟ್ಟ: "ಬದನಿಕೆ ಕಣಪ್ಪ ಅದು. ಕಿತ್ತಾಕು, ಮರ ತಿಂದುಬಿಡುತ್ತೆ."

ಬದನಿಕೆ ಕೊಂಬೆಯೊಳಗೇ ಬೇರು ಇಳಿಸಿ ಹೀರುತ್ತದೆ. ಇದು ಹಾಗಲ್ಲ, ಬರೀ ಕೂರೋಕೆ ಜಾಗ ಕೇಳುತ್ತದೆ. ಬೇರು ಗಾಳಿಯಲ್ಲಿ ಜೋತುಬಿದ್ದು ಮಳೆ, ಇಬ್ಬನಿ ಕುಡಿಯುತ್ತದೆ. ಕೈಗೆಟುಕುವ ಹಾಗೆ ಇಳಿಬಿದ್ದಿದ್ದ ಒಂದು ಬೇರಿನ ಮೇಲೆ ಬಾಟಲಿಯ ನೀರು ಸುರಿದು ತೋರಿಸಿದೆ. ಬೂದಿ ಬಣ್ಣದ ಬೇರು ನೋಡನೋಡುತ್ತಲೇ ಹಸಿರಾಯಿತು.

ಅಜ್ಜ ಹೇಳಿದ, "ನೀರು ಬಿಟ್ಟರೆ ನಮ್ಮ ಹೊಲಾನೂ ಹಸಿರಾಗುತ್ತೆ."

ಇನ್ನು ಹೆಸರಿನ ವಿಷಯ. ಪಟ್ಟಿಯಂಥ ಎಲೆ ನೋಡಿ ಏನನ್ನೂ ಹೇಳಬಾರದು, ಅಕ್ಯಾಂಪೆ ಎಂಬ ಇನ್ನೊಂದು ಆರ್ಕಿಡ್‌ನ ಎಲೆಯೂ ಹೆಚ್ಚುಕಡಿಮೆ ಹೀಗೇ. ಹೂವೇ ಸಾಕ್ಷಿ. ಅಕ್ಯಾಂಪೆಯದು ಪುಟ್ಟ ಹಳದಿ ಹೂ, ಮೇಲೆ ಕೆಂಗಂದು ಗೆರೆ. ವಂಡಾದ್ದು ಅದಕ್ಕಿಂತ ಎಷ್ಟೋ ದೊಡ್ಡದು: ಹಸಿರು ಹಳದಿ ಎಸಳ ತುಂಬ ಕಂದು ಚೌಕಳಿ, ನಡುವೆ ನೀಲಿ ನೇರಳೆ ತುಟಿ. ಹುಡುಗ ಫೋನಿನಲ್ಲಿ ಝೂಮ್ ಮಾಡಿ ನೋಡಿ, "ಲುಂಗಿ ಡಿಸೈನ್ ಸಾರ್" ಅಂದ. ನಿಜ ಹೇಳಬೇಕೆಂದರೆ, ಪುಸ್ತಕದ ವರ್ಣನೆಗಿಂತ ಇದೇ ವಾಸಿ.

ಅಷ್ಟರಲ್ಲಿ ಕಾರಿನ ಗಾಜು ಮತ್ತೆ ಇಳಿಯಿತು. "ಬಾಲ್ಕನಿಗೆ ಒಂದು ಕಿತ್ತುಕೊಡಿ ಅಂಕಲ್." ಕಾಡಿನ ಗಿಡ ಕೀಳುವಂತಿಲ್ಲಮ್ಮ ಅಂದೆ. "ಹೋಗಲಿ, ಬೀಜ?" ಅದರ ಬೀಜ ಧೂಳಿನಷ್ಟು ಸಣ್ಣ, ಒಂದು ಜಾತಿಯ ಶಿಲೀಂಧ್ರ ಜೊತೆಗಿರದಿದ್ದರೆ ಕಾಡಲ್ಲಿ ಮೊಳೆಯೋದೇ ಇಲ್ಲ ಅಂತ ಬಿಡಿಸಿ ಹೇಳುತ್ತಿದ್ದೆ. ಎಲ್ಲರ ತಲೆಯೂ ಮೇಲಿತ್ತು. ಕೋತಿ ಮಾತ್ರ ಕೆಳಗಿಳಿದಿತ್ತು.

ಸ್ಕೂಟರಿನ ಸೀಟ್ ಮೇಲೆ ಕೂತು ನನ್ನ ಚಿತ್ರಾನ್ನದ ಡಬ್ಬಿ ಬಿಚ್ಚಿ, ಕಡಲೆಬೀಜ ಒಂದೊಂದಾಗಿ ಆರಿಸಿ ತಿಂದು, ಒಣಮೆಣಸಿನಕಾಯಿ ನನ್ನ ಕಡೆಗೇ ಎಸೆಯಿತು. ಬೈಕಿನ ಹುಡುಗ ತಕ್ಷಣ ಫೋನನ್ನು ಆರ್ಕಿಡ್‌ನಿಂದ ಕೋತಿಯ ಕಡೆ ತಿರುಗಿಸಿದ. "ಸಾರ್, ಸ್ವಲ್ಪ ಪಕ್ಕಕ್ಕೆ ಬನ್ನಿ, ನೀವು ಅಡ್ಡ ಬರ್ತಿದ್ದೀರ."